ಸಾಕ್ಷಿಯ ಕಾಲಂ

ಜಯಪ್ರಕಾಶ ತನ್ನ ವಂಶವೃಕ್ಷವನ್ನು ಮದ್ದೂರಿನಲ್ಲಿ ಫ್ಲೆಕ್ಸ್ ಮಾಡಿಸಿ ತಂದು ಚರ್ಚಿನ ಬಾಗಿಲ ಪಕ್ಕ ಕಟ್ಟಿದ ದಿನ ನಾನು ಸಮಾಧಿ ಜಾಗದಲ್ಲಿ ಗುಂಡಿ ತೋಡುತ್ತಿದ್ದೆ. ಮಧ್ಯಾಹ್ನ ಕೈ ತೊಳೆದುಕೊಂಡು ಹೋಗಿ ಓದಿದೆ. ಎಂಟು ತಲೆಮಾರು. ಬುಡದಲ್ಲಿ ಇನ್ನಾಸಪ್ಪ, ಹುಟ್ಟಿದ ಇಸವಿ, ಸತ್ತ ಇಸವಿ. ಮೇಲಕ್ಕೆ ಮಕ್ಕಳು, ಸೊಸೆಯರು, ಮೊಮ್ಮಕ್ಕಳು. ಹುಟ್ಟಿದ ಮೂರನೇ ದಿನ ಸತ್ತ ಕೂಸಿಗೂ ಒಂದು ಎಲೆ ಬರೆಸಿದ್ದ. ಮೂರು ದಿನ ಬದುಕಿದ ಕೂಸಿಗೆ ಒಂದು ಎಲೆ. ನನ್ನ ಮುತ್ತಾತನಿಗೆ ಒಂದು ಕಡ್ಡಿಯೂ ಇಲ್ಲ.

ಹೊಟ್ಟೆಕಿಚ್ಚು ಎಂದೇ ಬರೆಯುತ್ತೇನೆ. ಅನ್ಯಾಯ, ಹಕ್ಕು ಎಂಬ ಮಾತುಗಳು ಆಮೇಲೆ ಬಂದವು. ಮೊದಲು ಬಂದದ್ದು ಹೊಟ್ಟೆಕಿಚ್ಚು. ಉಂಡ ಮುದ್ದೆ ಗಂಟಲಿಗೆ ಬಂದ ಹಾಗೆ ಬಂತು.

ನಾನು ಮಹದೇವು. ಮಳವಳ್ಳಿ ತಾಲೂಕಿನ ಮಾದನಕೊಪ್ಪಲಿನ ಹೊಲಗೇರಿಯವನು. ವಯಸ್ಸು ಐವತ್ತಮೂರು. ಊರ ಶಾಲೆಯಲ್ಲಿ ಏಳನೇ ತರಗತಿ ತನಕ ಓದಿದ್ದೇನೆ. ಜಯಪ್ರಕಾಶನೂ ಅದೇ ತರಗತಿ, ಅದೇ ಮೇಷ್ಟ್ರು. ಅವನು ಬೆಂಚಿನ ಮೇಲೆ, ನಾನು ಗೋಡೆ ಪಕ್ಕದ ನೆಲದ ಮೇಲೆ. ಲೆಕ್ಕದಲ್ಲಿ ನಾನೇ ಮುಂದಿದ್ದೆ. ಅವನು ಈಗ ಮಂಡ್ಯದಲ್ಲಿ ಹೈಸ್ಕೂಲು ಹೆಡ್‌ಮಾಸ್ಟರು. ನಾನು ಕಬ್ಬು ಕಡಿಯುವ ಕಾಲದಲ್ಲಿ ಕಬ್ಬು ಕಡಿಯುತ್ತೇನೆ, ಯಾರಾದರೂ ಸತ್ತಾಗ ಗುಂಡಿ ತೋಡುತ್ತೇನೆ. ಅವನು ನನ್ನನ್ನು ‘ಲೇ’ ಅನ್ನುತ್ತಾನೆ. ನಾನು ಅವನನ್ನು ‘ಮೇಷ್ಟ್ರೇ’ ಅನ್ನುತ್ತೇನೆ.

ನಮ್ಮೂರಿನ ಕಿರಿಸ್ತಾನದವರು ನೂರೈವತ್ತು ವರ್ಷದ ಹಿಂದೆ ಗೌಡರು. ಜ್ಞಾನಸ್ನಾನ ಮಾಡಿಸಿಕೊಂಡ ಮೇಲೂ ಗೌಡರೇ. ಅವರ ಸಮಾಧಿಗಳಿಗೆ ಗುಂಡಿ ತೋಡುವುದು ನಮ್ಮ ಮನೆಯ ಕೆಲಸ. ಆರು ಅಡಿ ಉದ್ದ, ಎರಡೂವರೆ ಅಗಲ, ಐದು ಆಳ. ಮೇಲೆ ಎರಡು ಅಡಿ ಕೆಮ್ಮಣ್ಣು, ಕೆಳಗೆಲ್ಲ ಗರಸು. ಹಾರೆ ಹಾಕಿದರೆ ಕಿಡಿ ಹಾರುತ್ತದೆ. ಬೇಸಗೆಯಲ್ಲಿ ಒಂದು ಗುಂಡಿಗೆ ಒಂದು ಹಗಲು ಬೇಕು. ನಮ್ಮಪ್ಪನ ಬಲ ಭುಜ ಇದೇ ಗರಸಿನಲ್ಲಿ ಹೋಯಿತು. ಕೊನೆಯ ಆರು ವರ್ಷ ಒಂದೇ ಕೈಯಲ್ಲಿ ತೋಡಿದ. ಹೆಣ ಬರುವ ಹೊತ್ತಿಗೆ ನಾವು ಗೋಡೆಯ ಆಚೆ ಹೋಗಿ ನಿಲ್ಲಬೇಕು. ಹಗ್ಗ ಹಿಡಿದು ಇಳಿಸುವುದು ಅವರ ಜನ. ಅವರು ಒಂದೊಂದು ಹಿಡಿ ಮಣ್ಣು ಹಾಕಿ ಹೋದ ಮೇಲೆ ಮಿಕ್ಕ ಮಣ್ಣು ನಾವು ಎಳೆಯಬೇಕು. ಮೊದಲು ನಮಗೆ ತೆಂಗಿನ ಚಿಪ್ಪಿನಲ್ಲಿ ಕಾಫಿ ಹೊಯ್ಯುತ್ತಿದ್ದರು. ಈಗ ಎಲ್ಲರಿಗೂ ಪೇಪರ್ ಲೋಟ. ಇಷ್ಟು ಸಮಾನತೆ ಬಂದಿದೆ.

ನಮ್ಮವರು ಆ ಧರ್ಮಕ್ಕೆ ಯಾಕೆ ಸೇರಲಿಲ್ಲ ಎಂದು ನಾನು ಅಜ್ಜಿಯನ್ನು ಕೇಳಿದ್ದೆ. ಮುತ್ತಾತ ಚೌಡಯ್ಯ ಹೋಗಿ ಕೇಳಿದ್ದನಂತೆ. ಆಗಿದ್ದ ಬಿಳೀ ಸ್ವಾಮಿ, ಪರದೇಶದ ಪಾದ್ರಿ, ಆಗಲಿ ಅಂದರಂತೆ. ಮುಂದಿನ ಭಾನುವಾರ ಒಬ್ಬ ಗೌಡನೂ ಪೂಜೆಗೆ ಬರಲಿಲ್ಲವಂತೆ. ಅದರ ಮುಂದಿನ ಭಾನುವಾರವೂ ಬರಲಿಲ್ಲವಂತೆ. ಮೂರನೇ ವಾರ ಸ್ವಾಮಿ ಚೌಡಯ್ಯನನ್ನು ಕರೆದು, ಇನ್ನೂ ಸ್ವಲ್ಪ ಕಾಲ ಹೋಗಲಿ ಅಂದರಂತೆ. ಆ ಸ್ವಲ್ಪ ಕಾಲ ಹೋಗುತ್ತಲೇ ಇತ್ತು. ನನ್ನ ಕಾಲಕ್ಕೆ ನಾನು ಮನೆಯಲ್ಲಿ ಬುದ್ಧನ ಪಟ ಹಾಕಿ ಆ ಮಾತು ಮುಗಿಸಿದೆ.

ಜಯಪ್ರಕಾಶನಿಗೂ ಹೊಟ್ಟೆಕಿಚ್ಚಿತ್ತು. ಅದು ನನಗೆ ಗೊತ್ತು. ಅವನ ದಾಯಾದಿಗಳು, ಹಿಂದೂ ಗೌಡರು, ಪಕ್ಕದ ಊರಿನಲ್ಲಿದ್ದಾರೆ. ಅವರ ಮನೆಗೆ ಹೆಳವರು ಬರುತ್ತಾರೆ. ಮೊದಲು ಬಸವನ ಮೇಲೆ ಬರುತ್ತಿದ್ದರು, ಈಗ ಟೆಂಪೋದಲ್ಲಿ. ಜಗಲಿಯ ಮೇಲೆ ಕೂತು ಆ ಮನೆಯ ಮೂಲಪುರುಷನಿಂದ ಹಿಡಿದು ಹೆಸರು ಓದುತ್ತಾರೆ. ಧರ್ಮ ಬಿಟ್ಟ ಮನೆಗಳ ಹೆಸರನ್ನು ಹೆಳವರು ಓದುವುದಿಲ್ಲ. ಅದಕ್ಕೇ ಇವನು ಚರ್ಚಿನ ರಿಜಿಸ್ಟರಿಗೆ ಬಿದ್ದ. ನಾಲ್ಕು ವರ್ಷ, ಪ್ರತಿ ಭಾನುವಾರ. ಲ್ಯಾಟಿನ್ ಭಾಷೆ, ಹಳೆಯ ಸ್ವಾಮಿಗಳ ಕೈಬರಹ, ಗೆದ್ದಲು ತಿಂದ ಅಂಚು. ಜ್ಞಾನಸ್ನಾನದ ಪುಸ್ತಕ, ಮದುವೆ ಪುಸ್ತಕ, ಮರಣದ ಪುಸ್ತಕ, ಮೂರನ್ನೂ ಹೊಂದಿಸಿ ಯಾರ ಮಗ ಯಾರು, ಯಾರ ಹೆಂಡತಿ ಯಾವೂರಿನವಳು ಎಂದು ಬಿಡಿಸಿದ. ಕಷ್ಟದ ಕೆಲಸ. ಕಷ್ಟಪಟ್ಟಿದ್ದಾನೆ ಎಂಬುದೇ ನನಗೆ ಇನ್ನಷ್ಟು ಉರಿ. ಕಷ್ಟಪಡಲು ಅವನಿಗೊಂದು ಪುಸ್ತಕವಾದರೂ ಇತ್ತು. ಹೆಳವರು ನಮ್ಮ ಕೇರಿಗೆ ಯಾವತ್ತೂ ಬಂದವರಲ್ಲ.

ಚರ್ಚಿನ ನೂರೈವತ್ತನೇ ವರ್ಷದ ಹಬ್ಬ ಬಂತು. ಬಿಷಪ್ಪರು ಬರುವವರಿದ್ದರು. ರಿಜಿಸ್ಟರಿನ ದಾಖಲೆಗಳನ್ನೆಲ್ಲ ಪುಸ್ತಕ ಮಾಡುವುದು, ಚರ್ಚು ಕಟ್ಟಿಸಿದ ಇನ್ನಾಸಪ್ಪನ ಸಮಾಧಿಯ ಮೇಲೆ ಕರೀ ಗ್ರಾನೈಟ್ ಕಲ್ಲು ಕೂರಿಸುವುದು ಎಂದು ತೀರ್ಮಾನವಾಯಿತು. ಕಲ್ಲು ಬಂತು. ಸಮಾಧಿ ಎಲ್ಲಿ? ಹಳೆಯ ಮರದ ಶಿಲುಬೆಗಳನ್ನು ಗೆದ್ದಲು ತಿಂದು ಎಷ್ಟೋ ಕಾಲವಾಗಿತ್ತು. ಇನ್ನಾಸಪ್ಪ ಸತ್ತ ದಿನ ರಿಜಿಸ್ಟರಿನಲ್ಲಿತ್ತು. ಮಲಗಿದ ಜಾಗ ಇರಲಿಲ್ಲ.

ಅದು ಇದ್ದದ್ದು ನನ್ನ ತಲೆಯಲ್ಲಿ. ತೋಡುವವನಿಗೆ ಮೊದಲ ಪಾಠವೇ ಅದು. ಬೇವಿನ ಮರದಿಂದ ಮೂಡಲಿಗೆ ಇಷ್ಟು ಮಾರು, ಗೋಡೆಯಿಂದ ಇಷ್ಟು. ಇಲ್ಲಿ ಯಾರವ್ನೆ, ಅಲ್ಲಿ ಯಾರವ್ಳೆ. ಹೊಸ ಗುಂಡಿ ತೋಡುವಾಗ ಹಳಬರ ಮೂಳೆಗೆ ಹಾರೆ ತಾಗಬಾರದು. ಅಪ್ಪ ನನ್ನನ್ನು ನಡೆಸಿ ನಡೆಸಿ ಕಲಿಸಿದ. ಇನ್ನೂರಕ್ಕೂ ಹೆಚ್ಚು ಜನ ನನಗೆ ಬಾಯಿಪಾಠ.

ಜಯಪ್ರಕಾಶ ಬಂದ. ನಾನು ಗುಂಡಿಯೊಳಗಿದ್ದೆ. ಅವನು ಅಂಚಿನಲ್ಲಿ ನಿಂತ.

“ಲೇ ಮಹದೇವು, ನಮ್ಮ ಇನ್ನಾಸಪ್ಪನ ಜಾಗ ಗೊತ್ತೇನ್ಲಾ?”

“ಗೊತ್ತು.”

“ಸಂಜೆ ತೋರ್ಸು. ಕಾಂಕ್ರೀಟ್ ಆಕಿಸ್ಬೇಕು.”

“ಮೇಷ್ಟ್ರೇ, ಆ ರಿಜಿಸ್ಟರ್ನಲ್ಲಿ ನಮ್ಮೋರು ಯಾರಾರ ಅವ್ರಾ? ಚೌಡಯ್ಯ ಅಂತ. ನಮ್ಮ ಮುತ್ತಾತ.”

ಅವನು ನಕ್ಕ. ಕೆಟ್ಟ ನಗು ಏನಲ್ಲ. ಮಕ್ಕಳು ತಪ್ಪು ಲೆಕ್ಕ ತಂದಾಗ ಮೇಷ್ಟ್ರು ನಗುವಂಥದ್ದು.

“ಅದು ಕಿರಿಸ್ತಾನದೋರ ಬುಕ್ಕು ಕಣ್ಲಾ. ನಿಮ್ಮೋರು ಅದ್ರಲ್ಲಿ ಯಾಕ್ ಇರ್ತಾರೆ? ನಾಕು ವರ್ಸ ಓದಿವ್ನಿ, ಒಬ್ರೂ ಇಲ್ಲ.”

ಸಂಜೆ ಜಾಗ ತೋರಿಸಿದೆ. ಇನ್ನಾಸಪ್ಪನದ್ದಲ್ಲ. ಪಡುವಣ ಮೂಲೆಯಲ್ಲಿ ಬಿಳೀ ಸ್ವಾಮಿಯೊಬ್ಬರ ಕುದುರೆ ಹೂತ ಜಾಗವಿದೆ. ನಮ್ಮ ತಾತನೇ ಹೂತದ್ದು. ಅಲ್ಲಿ ಕಾಲಿಟ್ಟು, “ಇಲ್ಲೇ,” ಎಂದೆ. ಜಯಪ್ರಕಾಶ ಮಂಡಿಯೂರಿದ. ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡ. ಆಮೇಲೆ ಬಗ್ಗಿ ಮಣ್ಣಿಗೆ ಮುತ್ತಿಟ್ಟ. ಅವನ ಕಣ್ಣಲ್ಲಿ ನೀರಿತ್ತು. ನಾನು ಹಾರೆ ಊರಿಕೊಂಡು ನೋಡುತ್ತಾ ನಿಂತೆ. ಮಾರನೆಯ ದಿನ ಕಾಂಕ್ರೀಟ್ ಬಿತ್ತು.

ಮನೆಗೆ ಹೋಗಿ ಹೆಂಡತಿ ಬೆಳ್ಳಮ್ಮನಿಗೆ ಹೇಳಿದೆ. ಅವಳು ನಗಲಿಲ್ಲ.

“ಕುದ್ರೆ ಮೇಲೆ ಕಲ್ಲಾ?”

“ಊಂ. ಬಿಷಪ್ಪರು ಬಂದು ಕುದ್ರೆಗೆ ಪ್ರಾರ್ಥನೆ ಮಾಡ್ತಾರೆ.”

“ನಿಂಗೇನು ಸಿಕ್ತು?”

“ಅವ್ನಿಗೆ ಸಿಕ್ಕಾಕಿಲ್ವಲ್ಲ. ಅಷ್ಟು ಸಾಕು.”

“ಸಿಕ್ತು ಅಂತ್ಲೇ ಅಂದ್ಕಂಡವ್ನೆ ಅವ್ನು. ಮುತ್ತಿಟ್ಟು ಮನೆಗೋಗಿ ಮಲ್ಗವ್ನೆ. ಉರ್ಕೊಂಡು ಕೂತಿರೋನು ನೀನು,” ಎಂದು ತಟ್ಟೆ ಎತ್ತಿಕೊಂಡು ಹೋದಳು.

ಅವಳ ಮಾತು ಸರಿಯಿತ್ತು. ಅದಕ್ಕೇ ಅವಳ ಮೇಲೂ ರೇಗಿದೆ.

ಎರಡು ದಿನ ಬಿಟ್ಟು ಸಮಾಧಿ ಗೇಟಿನ ಬೀಗದ ಕೈ ಕೊಡಲು ಚರ್ಚಿನ ಹಿಂದಿನ ಕೋಣೆಗೆ ಹೋದೆ. ಹೊಸಿಲ ಆಚೆ ನಿಂತೆ. ಒಳಗೆ ಜಯಪ್ರಕಾಶನ ಮಗಳು ಸೌಮ್ಯ ಲ್ಯಾಪ್‌ಟಾಪಿನಲ್ಲಿ ಪುಸ್ತಕ ಟೈಪು ಮಾಡುತ್ತಿದ್ದಳು. ಪಕ್ಕದಲ್ಲಿ ಮರಣದ ರಿಜಿಸ್ಟರು ತೆರೆದಿತ್ತು.

“ಮಹದೇವಣ್ಣ, ನಿಮ್ಗೆ ಹಳಬರೆಲ್ಲ ಗೊತ್ತಲ್ವಾ? ಈ ಚೌಡಯ್ಯ ಅನ್ನೋರು ಯಾರು?”

ಬೀಗದ ಕೈಯನ್ನು ಹೊಸಿಲ ಮೇಲಿಟ್ಟೆ. ಅವಳೇ ಮುಂದುವರಿಸಿದಳು.

“ನಾನು ಇಲ್ಲೀವರೆಗೂ ನೋಡಿದ ಎಲ್ಲ ಪುಟದಲ್ಲೂ ಇದಾರೆ. ಯಾರೇ ಸತ್ರೂ ಕೊನೇ ಕಾಲಮ್ಮಲ್ಲಿ ಇವರದೇ ಹೆಸ್ರು. ಸಾಕ್ಷಿ ಅಂತ. ಹೂತದ್ದನ್ನ ಕಣ್ಣಾರೆ ನೋಡಿದೋರು. ಅಪ್ಪ ಆ ಕಾಲಂ ಬೇಡ ಅಂದ್ರು, ಜಾಗ ಸಾಲಲ್ವಂತೆ.”

ಹೊಸಿಲು ದಾಟಿದೆ. ಆ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. ಸೌಮ್ಯ ಬೆರಳಿಟ್ಟು ತೋರಿಸಿದಳು. ಅಂಗಡಿ ಬೋರ್ಡು ಓದುವಷ್ಟು ಇಂಗ್ಲಿಷ್ ಅಕ್ಷರ ನನಗೆ ಬರುತ್ತದೆ. ಒಂದು ಸಲ ತಿಳಿದ ಮೇಲೆ ಆ ಹೆಸರಿನ ಆಕಾರ ಎಲ್ಲ ಕಡೆ ಕಂಡಿತು. ಪುಟ ತಿರುವಿದೆ, ಚೌಡಯ್ಯ. ಇನ್ನೊಂದು ಪುಟ, ಚೌಡಯ್ಯ, ಚೌಡಯ್ಯ, ಚೌಡಯ್ಯ. ಪ್ರತಿ ಹೆಸರಿನ ಮುಂದೆ ಒಂದು ನೇರ ಗೀಟು. ದಪ್ಪ ಗೀಟು, ಕಾಗದ ಕಿತ್ತುಬರುವ ಹಾಗೆ ಒತ್ತಿದ್ದು. ಓದುಬರಹ ಬಾರದವರು ರುಜುವಿಗೆ ಬದಲು ಹಾಕಿದ್ದು ಅದು ಎಂದಳು ಸೌಮ್ಯ. ಹಾರೆ ಹಿಡಿಯುವ ಕೈ ಲೇಖನಿ ಹಿಡಿದರೆ ಹಾಗೇ ಒತ್ತುತ್ತದೆ. ನನ್ನದೂ ಹಾಗೇ.

ನಾಲ್ಕು ವರ್ಷ ಓದಿದ್ದಾನೆ ಜಯಪ್ರಕಾಶ. ಒಬ್ಬನೂ ಇಲ್ಲ ಅಂದ. ಪ್ರತಿ ಸಾಲಿನ ಕೊನೆಯಲ್ಲಿ ಇದ್ದವನನ್ನು ಇಲ್ಲ ಅಂದ. ಸುಳ್ಳು ಹೇಳಿದನೇ? ಇಲ್ಲ. ಕಾಲಂ ಕಂಡಿದೆ, ಅದರೊಳಗಿನ ಹೆಸರು ಅವನ ಕಣ್ಣಿಗೆ ಬಿದ್ದೇ ಇಲ್ಲ. ಸುಳ್ಳು ಹೇಳಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಇನ್ನಾಸಪ್ಪನ ಸಾವಿನ ಸಾಲು ಹುಡುಕಿಸಿದೆ. ಅಲ್ಲಿಯೂ ಸಾಕ್ಷಿ ಚೌಡಯ್ಯ. ಇಂಥವನನ್ನು ಇಲ್ಲಿ ಹೂತದ್ದು ನಿಜ ಎಂದು ನನ್ನ ಮುತ್ತಾತ ಗೀಟು ಹಾಕಿದ್ದಾನೆ. ಆ ಗೀಟು ನೋಡುತ್ತಾ ನನಗೆ ಕುದುರೆ ನೆನಪಾಯಿತು. ಇಷ್ಟು ಗೀಟುಗಳಲ್ಲಿ ಒಂದು ಸುಳ್ಳಿಲ್ಲ. ನಮ್ಮ ಮನೆಯಲ್ಲಿ ಆ ಜಾಗದ ಬಗ್ಗೆ ಮೊದಲ ಸುಳ್ಳುಸಾಕ್ಷಿ ಹೇಳಿದವನು ನಾನು.

ಜಯಪ್ರಕಾಶ ಸಮಾಧಿ ಜಾಗದಲ್ಲಿ ಗ್ರಾನೈಟ್ ಕಲ್ಲಿನ ಬಳಿ ಇದ್ದ. ಫಾದರ್ ಕೂಡ ಇದ್ದರು. ಮಂಗಳೂರು ಕಡೆಯವರು, ಬಂದು ಒಂದು ವರ್ಷವಾಗಿತ್ತು. ನೇರ ಹೋಗಿ ಹೇಳಿದೆ.

“ಮೇಷ್ಟ್ರೇ, ಆ ಜಾಗ ಅಲ್ಲ. ಅಲ್ಲಿ ಇನ್ನಾಸಪ್ಪ ಇಲ್ಲ.”

“ಮತ್ತೆ ಯಾರವ್ರೆ?”

“ಕುದ್ರೆ.”

ಅವನು ತಿರುಗಿ ಕಾಂಕ್ರೀಟ್ ನೋಡಿದ. ಮುಖ ಕೆಂಪಾಯಿತು. ಆಮೇಲೆ ಬಿಳಿಚಿತು.

“ನಾನು ಅಲ್ಲಿ ಮುತ್ತಿಟ್ಟೆ ಕಣ್ಲಾ.”

“ನೋಡ್ದೆ.”

“ಬೇಕೂ ಅಂತ ಮಾಡ್ದಾ?”

“ಬೇಕೂ ಅಂತ್ಲೇ ಮಾಡ್ದೆ. ಒಟ್ಟೆಕಿಚ್ಚಿಗೆ.”

“ನಿಮ್ಮ ಜನದ ಬುದ್ಧಿ ಎಲ್ಲೋದದು.”

ಫಾದರ್ ಅವನ ತೋಳು ಹಿಡಿದರು. ನನ್ನ ಕೈಯಲ್ಲಿ ಹಾರೆ ಇರಲಿಲ್ಲ, ಒಳ್ಳೆಯದಾಯಿತು.

“ನಮ್ಮ ಜನದ ಬುದ್ಧಿ ಆ ಬುಕ್ಕಲ್ಲೇ ಅದೆ,” ಎಂದೆ. “ನಿಮ್ಮೋರು ಒಬ್ಬೊಬ್ರು ಸತ್ತಾಗ್ಲೂ ಗೀಟು ಆಕಿ ನಿಜ ಯೋಳವ್ರೆ. ಅದನ್ನೇ ನೀವು ಬುಟ್ಟಿರೋದು. ನನ್ ಸುಳ್ಳು ನಾನು ಒಪ್ಕಂಡೆ. ಇನ್ನಾಸಪ್ಪನ ಜಾಗ ನಂಗೆ ಗೊತ್ತು. ಸಾಕ್ಷಿ ಕಾಲಂ ಬುಕ್ಕಿಗೆ ಬರೋಗಂಟ ತೋರ್ಸಾಕಿಲ್ಲ.”

“ಇದು ಬ್ಲ್ಯಾಕ್‌ಮೇಲು.”

“ಏನಾರ ಅಂದ್ಕಳಿ.”

“ಜೆಸಿಬಿ ಕರೆಸ್ತೀನಿ. ನಿನ್ನ ಅಂಗು ಬ್ಯಾಡ.”

“ಕರೆಸಿ. ಮೊದಲ್ನೇ ಬಕೆಟ್‌ಗೆ ನಿಮ್ಮಜ್ಜಿ ಬತ್ತಾಳೆ.”

ಅವನು ನೆಲ ನೋಡಿದ. ತನ್ನ ಕಾಲ ಕೆಳಗೆ ಯಾರಿದ್ದಾರೆ ಎಂದು ಅವನಿಗೆ ಗೊತ್ತಿರಲಿಲ್ಲ. ಒಂದು ಹೆಜ್ಜೆ ಹಿಂದೆ ಇಟ್ಟ.

ಆಮೇಲೆ ದನಿ ಇಳಿಸಿ ಚೌಕಾಸಿಗೆ ಬಂದ. “ಆಯ್ತು ಬುಡು. ಮೊದಲ ಪುಟದಲ್ಲಿ ಒಂದು ಸಾಲು ಆಕ್ತೀನಿ. ಸಮಾಧಿ ಕೆಲಸದಲ್ಲಿ ಸಹಕರಿಸಿದ ಚೌಡಯ್ಯ ಮತ್ತು ಕುಟುಂಬದವರಿಗೆ ಕೃತಜ್ಞತೆಗಳು. ಸಾಕಾ?”

“ಸಾಮಿಯಾನದೋನಿಗೂ ಕೃತಜ್ಞತೆ ಐತೆ ಅದೇ ಪುಟದಲ್ಲಿ. ನಂಗೆ ಅದು ಬ್ಯಾಡ. ಬರ್ದಿರೋ ಜಾಗದಲ್ಲೇ ಬರ್ಬೇಕು. ಒಂದೊಂದು ಸಾವಿನ ಮುಂದೂ ಬರ್ಬೇಕು.”

“ಒಂದೇ ಹೆಸ್ರು ಮುನ್ನೂರು ಸಲ ಯಾರ್ಲಾ ಓದ್ತಾರೆ?”

“ಮುನ್ನೂರು ಸಲ ತೋಡವ್ನೆ.”

ಫಾದರ್ ಇಬ್ಬರನ್ನೂ ನೋಡಿದರು. “ದಾಖಲೆಯಲ್ಲಿ ಉಂಟಲ್ಲ ಮಾಸ್ಟ್ರೇ,” ಎಂದರು. “ಇರುವುದನ್ನು ಬಿಟ್ಟರೆ ಅದು ನಮ್ಮ ತಪ್ಪು. ಪುಸ್ತಕ ಗುರುವಾರ ಮಂಡ್ಯದ ಪ್ರೆಸ್ಸಿಗೆ ಹೋಗಬೇಕು. ನಾಳೆ ಕೂತು ಸೇರಿಸುವ. ನಿಮ್ಮನ್ನು ಬಿಟ್ಟು ಬೇರೆ ಯಾರಿಗೂ ಆ ಅಕ್ಷರ ಸರಿಯಾಗಿ ಓದಲಿಕ್ಕೆ ಬರುವುದಿಲ್ಲ. ನೀವು ಓದಿ, ಸೌಮ್ಯ ಟೈಪು ಮಾಡಲಿ.”

“ನಾನೂ ಕೂತ್ಕಂತೀನಿ,” ಎಂದೆ.

ಮಾರನೆಯ ದಿನ ಬೆಳಿಗ್ಗೆ ಒಗೆದ ಅಂಗಿ ಹಾಕಿಕೊಂಡು ಹೋದೆ. ಕಬ್ಬಿನ ಕೆಲಸ ಬಿಟ್ಟೆ. ಕುರ್ಚಿ ಎಳೆದುಕೊಂಡು ಜಯಪ್ರಕಾಶನ ಎದುರಿಗೆ ಕೂತೆ. ನಲವತ್ತು ವರ್ಷದ ಮೇಲೆ ಅವನ ಜೊತೆ ಒಂದು ಕೋಣೆಯಲ್ಲಿ ಕೂತದ್ದು. ಈ ಸಲ ನೆಲದ ಮೇಲಲ್ಲ.

ಅವನು ಓದತೊಡಗಿದ. ಸತ್ತವರ ಹೆಸರು, ದಿನ, ಸಾಕ್ಷಿ ಚೌಡಯ್ಯ. ಸತ್ತವರ ಹೆಸರು, ದಿನ, ಸಾಕ್ಷಿ ಚೌಡಯ್ಯ. ಮೊದಮೊದಲು ಆ ಹೆಸರನ್ನು ಉಗುಳುವ ಹಾಗೆ ಹೇಳುತ್ತಿದ್ದ. ಐವತ್ತು ಸಾವು ದಾಟಿದ ಮೇಲೆ, “ಸೌಮ್ಯ, ಮುಂದಕ್ಕೆಲ್ಲ ಮೇಲಿನಂತೆ ಅಂತ ಆಕು,” ಎಂದ.

“ಮೇಲಿನಂತೆ ಅಲ್ಲ. ಹೆಸ್ರು ಓದಿ,” ಎಂದೆ.

ಸೌಮ್ಯ ಕೈ ನಿಲ್ಲಿಸಿ ಅಪ್ಪನ ಮುಖ ನೋಡಿದಳು. ಅವನು ಓದಿದ.

ಪ್ರತಿ ಹೆಸರಿಗೂ ನನ್ನ ಹೊಟ್ಟೆಕಿಚ್ಚು ಇಳಿಯುತ್ತದೆ ಎಂದುಕೊಂಡಿದ್ದೆ. ಇಳಿಯಲಿಲ್ಲ. ಸತ್ತ ಒಬ್ಬೊಬ್ಬರಿಗೂ ಅಪ್ಪನ ಹೆಸರು, ಅವ್ವನ ಹೆಸರು, ಊರು, ವಯಸ್ಸು ಇತ್ತು. ಚೌಡಯ್ಯನಿಗೆ ಅವೊಂದೂ ಇರಲಿಲ್ಲ. ಅವನ ಅಪ್ಪ ಯಾರು? ಯಾರೂ ಕೇಳಿಲ್ಲ. ಗೀಟು ಹಾಕಿಸಿಕೊಂಡ ಸ್ವಾಮಿಯೂ ಕೇಳಿಲ್ಲ. ಎದುರಿಗೆ ಕೂತವನಿಗೆ ಎಂಟು ತಲೆಮಾರು. ನನಗೆ ಒಂದು ಹೆಸರು, ಒಂದು ಗೀಟು.

ಮಧ್ಯಾಹ್ನ ದಾಟಿ ಸಾವಿರದ ಒಂಬೈನೂರ ಹದಿನೆಂಟಕ್ಕೆ ಬಂದೆವು. ಅಕ್ಟೋಬರ್ ತಿಂಗಳು. ಅಲ್ಲಿವರೆಗೆ ಪುಟಕ್ಕೆ ಒಂದು ವರ್ಷ ಹೋಗುತ್ತಿತ್ತು. ಈಗ ಒಂದು ಪುಟ ಒಂದು ವಾರಕ್ಕೆ ಸಾಲಲಿಲ್ಲ. ಕಾರಣದ ಜಾಗದಲ್ಲಿ ಜ್ವರ, ಜ್ವರ, ಜ್ವರ. ಜಯಪ್ರಕಾಶನ ದನಿ ಬದಲಾಯಿತು. ಅವನ ಮುತ್ತಜ್ಜಿ ಆ ಪುಟದಲ್ಲಿದ್ದಳು. ಅವಳ ಇಬ್ಬರು ಮಕ್ಕಳಿದ್ದರು. ಎಲ್ಲರಿಗೂ ಸಾಕ್ಷಿ ಚೌಡಯ್ಯ. ಹದಿನಾರನೇ ತಾರೀಕು ಒಂದೇ ದಿನ ನಾಲ್ಕು ಜನ. ನಾಲ್ಕು ಗೀಟು. ಆ ಗರಸಿನಲ್ಲಿ ಒಂದು ಹಗಲಿಗೆ ನಾಲ್ಕು ಗುಂಡಿ. ನಾನು ಜೀವಮಾನದಲ್ಲಿ ಒಂದೇ ದಿನ ಎರಡೂ ತೋಡಿಲ್ಲ.

“ಹದಿನೆಂಟನೇ ತಾರೀಕು,” ಎಂದು ಅವನು ಮುಂದುವರಿದ. “ಚೌರಪ್ಪನ ಮಗಳು ಆರೋಗ್ಯಮ್ಮ, ಏಳು ವರ್ಷ. ಸಾಕ್ಷಿ ಸಿದ್ದಯ್ಯ.”

“ನಿಲ್ಸಿ,” ಎಂದೆ.

ಅವನು ನಿಲ್ಲಿಸಿದ. ತಾನು ಓದಿದ್ದನ್ನು ಮತ್ತೆ ನೋಡಿದ. ಪುಟವನ್ನು ಬೆಳಕಿಗೆ ಹಿಡಿದ. “ಗೀಟೂ ಬ್ಯಾರೆ ಅದೆ. ತೆಳ್ಳಗದೆ. ಯಾರ್ಲಾ ಇದು, ಸಿದ್ದಯ್ಯ?”

“ನಮ್ಮ ತಾತ. ಚೌಡಯ್ಯನ ಮಗ. ಆಗ ಹದಿನಾರು ವರ್ಸ.”

ನಮ್ಮ ಮನೆಯಲ್ಲಿ ಚೌಡಯ್ಯ ಸತ್ತ ದಿನ ಯಾರಿಗೂ ಗೊತ್ತಿರಲಿಲ್ಲ. ದೊಡ್ಡ ಜ್ವರದ ಕಾಲ ಎಂದಷ್ಟೇ ಅಜ್ಜಿ ಹೇಳುತ್ತಿದ್ದಳು. ನಮ್ಮವರನ್ನು ಹೂಳುತ್ತಿದ್ದ ಜಾಗದ ಮೇಲೆ ಈಗ ನಾಲೆ ಹರಿಯುತ್ತದೆ. ಕಲ್ಲಿಲ್ಲ, ಗುರುತಿಲ್ಲ.

“ಅದಿನೇಳನೇ ತಾರೀಕು ಏನು ಬರ್ದವ್ರೆ?” ಎಂದು ಕೇಳಿದೆ.

ಜಯಪ್ರಕಾಶ ಸಾಲಿನ ಮೇಲೆ ಬೆರಳು ಆಡಿಸಿದ. “ಏನೂ ಇಲ್ಲ. ಅವತ್ತು ಯಾರನ್ನೂ ಊತಿಲ್ಲ.”

“ಊತವ್ರೆ,” ಎಂದೆ.

ಹದಿನಾರಕ್ಕೆ ನನ್ನ ಮುತ್ತಾತ ಇವರಿಗೆ ನಾಲ್ಕು ಗುಂಡಿ ತೋಡಿದ. ಹದಿನೇಳಕ್ಕೆ ನನ್ನ ತಾತ ತನ್ನಪ್ಪನಿಗೆ ಒಂದು ತೋಡಿದ. ಹದಿನೆಂಟಕ್ಕೆ ಅದೇ ಹಾರೆ ತಂದು ಇವರ ಕೂಸಿಗೆ ತೋಡಿ, ಲೇಖನಿ ಹಿಡಿದು ಗೀಟು ಹಾಕಿದ. ಮೂರು ದಿನದಲ್ಲಿ ನಡುವಿನ ದಿನ ಪುಸ್ತಕಕ್ಕೆ ಬರಲಿಲ್ಲ.

ಜಯಪ್ರಕಾಶ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ನಾಲ್ಕು ವರ್ಷದಲ್ಲಿ ಆ ಪುಟವನ್ನು ಅವನು ಎಷ್ಟು ಸಲ ಓದಿದ್ದನೋ. ಮುತ್ತಜ್ಜಿಗೆ ಎಲೆ ಬರೆಸಲು ಓದಿದ್ದ. ಅವಳ ಮಕ್ಕಳಿಗೆ ಎಲೆ ಬರೆಸಲು ಓದಿದ್ದ. ಕಣ್ಣೊರೆಸಿಕೊಂಡ. ಅದು ಯಾರಿಗಾಗಿ ಎಂದು ನಾನು ಕೇಳಲಿಲ್ಲ. ಅವನ ಕಣ್ಣೀರಿನಲ್ಲಿ ನನಗೆ ಪಾಲು ಬೇಡ.

ಫಾದರ್ ನೀರು ತಂದು ಕೊಟ್ಟರು. ಇಬ್ಬರಿಗೂ ಒಂದೇ ಥರದ ಲೋಟ, ಸ್ಟೀಲಿನದು. ಕುಡಿದೆ.

“ಮಹದೇವು,” ಎಂದ ಜಯಪ್ರಕಾಶ. ‘ಲೇ’ ಇರಲಿಲ್ಲ. “ನಿಮ್ಮ ಮುತ್ತಾತನ್ದು ಮುಗೀತು. ಈಗ್ಲಾದ್ರೂ ಜಾಗ ತೋರಿಸ್ತೀಯಾ?”

“ನಮ್ಮ ತಾತನ್ದು ಇನ್ನೆಷ್ಟು ಪುಟ ಅದೆ?”

ಅವನು ರಿಜಿಸ್ಟರಿನ ಉಳಿದ ದಪ್ಪವನ್ನು ಹೆಬ್ಬೆರಳಿನಲ್ಲಿ ಹಿಡಿದು ನೋಡಿದ.

“ಬಾಳ ಅವೆ.”

“ಓದು,” ಎಂದೆ.